ಬಿದ್ದಮೇಲೆ ಬರುವ ನಗು: ಲಾರೆಲ್–ಹಾರ್ಡಿ ಬಗ್ಗೆ ಓದುಗರ ಪ್ರಶ್ನೆಗಳು

ಹಾಲಿವುಡ್ಡಿನ ಹಳೆಯ ಹಾಸ್ಯನಟರಾದ ಲಾರೆಲ್–ಹಾರ್ಡಿ ಜೋಡಿಯ ಚಿತ್ರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಒಂಬತ್ತನ್ನು ಆರಿಸಿ ಈ ಸಲದ ಅಂಕಣವನ್ನು ಅವಕ್ಕೇ ಬಿಟ್ಟಿದ್ದೇವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಇಬ್ಬರಲ್ಲಿ ಲಾರೆಲ್ ಯಾರು, ಹಾರ್ಡಿ ಯಾರು? ಪ್ರತಿ ಸಲ ಅದಲುಬದಲಾಗುತ್ತದೆ. (ಶಿವಮೊಗ್ಗ)

ಹಾರಲಾರದವರು ಹಾರ್ಡಿ. ಇದೊಂದನ್ನು ನೆನಪಿಟ್ಟುಕೊಳ್ಳಿ, ಸಾಕು. ತೆಳ್ಳಗಿನವರು ಸ್ಟಾನ್ ಲಾರೆಲ್, 1890ರಲ್ಲಿ ಇಂಗ್ಲೆಂಡಿನ ಅಲ್ವರ್‌ಸ್ಟನ್‌ನಲ್ಲಿ ಹುಟ್ಟಿದವರು. ದಪ್ಪಗಿನವರು ಆಲಿವರ್ ಹಾರ್ಡಿ, 1892ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಹಾರ್ಲೆಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ತೆರೆಯ ಮೇಲೆ ಯಜಮಾನಿಕೆ ಹಾರ್ಡಿಯದು, ತೆರೆಯ ಹಿಂದೆ ಲಾರೆಲ್‌ದು. ಹಾಸ್ಯ ಹೆಣೆಯುವುದು, ಸಂಕಲನಕ್ಕೆ ಕೂರುವುದು ಎಲ್ಲ ಲಾರೆಲ್ ಕೆಲಸ. ಹಾರ್ಡಿ ಚಿತ್ರೀಕರಣ ಮುಗಿಸಿ ಗಾಲ್ಫ್ ಆಡಲು ಹೋಗುತ್ತಿದ್ದರು. ಲಾರೆಲ್‌ಗೆ ಸಂಬಳ ಹೆಚ್ಚು. ಹಾರ್ಡಿಗೆ ಅದರ ಬಗ್ಗೆ ತಕರಾರಿರಲಿಲ್ಲ.

ಪ್ರಶ್ನೆ: ಅಷ್ಟೆಲ್ಲ ಹೊಗಳುತ್ತಾರಲ್ಲ ಎಂದು ಮೊಬೈಲಿನಲ್ಲಿ ಎರಡು ಚಿತ್ರ ನೋಡಿದೆ. ತುಂಬಾ ನಿಧಾನ. ಬಿದ್ದ ಮೇಲೂ ಆ ಹಾರ್ಡಿ ನಮ್ಮನ್ನೇ ನೋಡುತ್ತಾ ಕೂತಿರುತ್ತಾನೆ. ಇದರಲ್ಲಿ ಏನಿದೆ? (ಹಾಸನ)

ನಿಮಗೆ ಬೇಸರ ತರಿಸಿದ್ದು ಯಾವುದೋ ಅದರಲ್ಲೇ ಎಲ್ಲ ಇದೆ. ಒಬ್ಬರೇ ನೋಡಿದ್ದೇ ತಪ್ಪಾಯಿತು.

ಇವರ ಚಿತ್ರಗಳನ್ನು ತಯಾರಿಸುತ್ತಿದ್ದ ಹಾಲ್ ರೋಚ್ ಸ್ಟುಡಿಯೊದಲ್ಲಿ ಚಿತ್ರ ಸಿದ್ಧವಾದ ಮೇಲೆ ಅದನ್ನು ಸಾಮಾನ್ಯ ಚಿತ್ರಮಂದಿರದಲ್ಲಿ ಮೊದಲು ಜನರಿಗೆ ತೋರಿಸುತ್ತಿದ್ದರು. ನಗು ಎಲ್ಲಿ ಶುರುವಾಯಿತು, ಎಷ್ಟು ಹೊತ್ತು ನಿಂತಿತು ಎಂದು ಗುರುತು ಹಾಕಿಕೊಂಡು ಬಂದು ಮತ್ತೆ ಸಂಕಲನ ಮಾಡುತ್ತಿದ್ದರು. ಮಾತಿನ ಚಿತ್ರಗಳಲ್ಲಿ ಇದು ಇನ್ನೂ ಮುಖ್ಯ. ಜನ ನಗುತ್ತಿರುವಾಗಲೇ ಮುಂದಿನ ಮಾತು ಬಂದರೆ ಅದು ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಹಾರ್ಡಿ ಕ್ಯಾಮೆರಾ ಕಡೆ ನೋಡುವ ಆ ನೋಟವನ್ನು ಬೇಕಷ್ಟು ಎಳೆದರು. ಅದು ನಿಮ್ಮ ನಗುವಿಗೆ ಬಿಟ್ಟ ಜಾಗ. ಒಬ್ಬರೇ ಕೂತಾಗ ಆ ಜಾಗ ಖಾಲಿ ಉಳಿಯುತ್ತದೆ, ಹತ್ತು ಜನ ಕೂತರೆ ತುಂಬುತ್ತದೆ.

ಎರಡನೆಯ ಸಂಗತಿ, ಈ ಜೋಡಿಯ ನಗು ಬೀಳುವ ಕ್ಷಣದಲ್ಲಿ ಇರುವುದಿಲ್ಲ, ಅದರ ಹಿಂದೆ ಮುಂದೆ ಇರುತ್ತದೆ. ಹಾರ್ಡಿ ಗುಂಡಿಯ ಕಡೆ ಹೋಗುತ್ತಿರುವುದು ನಮಗೆ ಮೊದಲೇ ಕಾಣುತ್ತದೆ. ಬೀಳುವುದನ್ನು ಎಷ್ಟೋ ಸಲ ತೋರಿಸುವುದೇ ಇಲ್ಲ: ಕ್ಯಾಮೆರಾ ಲಾರೆಲ್ ಮುಖದ ಮೇಲಿರುತ್ತದೆ, ಹೊರಗಡೆ ಢಮಾರ್ ಸದ್ದು, ಲಾರೆಲ್ ಕಣ್ಣು ಪಿಳಿಪಿಳಿ. ಆಮೇಲೆ ಕೆಸರಲ್ಲೋ ಇಟ್ಟಿಗೆಯಲ್ಲೋ ಕೂತ ಹಾರ್ಡಿ. ಇನ್ನೂ ಒಂದು ಇಟ್ಟಿಗೆ ಬಾಕಿ ಇದೆ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಅದು ಬರುವವರೆಗೆ ಅವರು ಕಾಯುತ್ತಾರೆ.

1929ರ ‘ಬಿಗ್ ಬಿಸಿನೆಸ್’ ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಇಬ್ಬರೂ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಮರ ಮಾರುತ್ತಿದ್ದಾರೆ. ಮೀಸೆಯ ಜೇಮ್ಸ್ ಫಿನ್ಲೇಸನ್ ಬೇಡ ಎಂದು ಬಾಗಿಲು ಹಾಕಿದರೆ ಮರದ ಕೊಂಬೆ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಮತ್ತೆ ಗಂಟೆ ಒತ್ತುತ್ತಾರೆ. ಮತ್ತೆ ಬಾಗಿಲು, ಮತ್ತೆ ಸಿಕ್ಕು. ಆತ ಕತ್ತರಿ ತಂದು ಮರ ಕತ್ತರಿಸುತ್ತಾನೆ. ಇವರು ಬಾಗಿಲ ಚೌಕಟ್ಟಿಗೆ ಚಾಕು ಹಾಕುತ್ತಾರೆ. ಇಲ್ಲಿಂದ ಒಂದು ಕರಾರು ನಡೆಯುತ್ತದೆ: ಒಬ್ಬ ಹಾಳು ಮಾಡುವಾಗ ಇನ್ನೊಬ್ಬ ತಡೆಯುವುದಿಲ್ಲ, ಕೈಕಟ್ಟಿ ನೋಡುತ್ತಾನೆ, ಮುಗಿದ ಮೇಲೆ ತನ್ನ ಸರದಿ ತೆಗೆದುಕೊಳ್ಳುತ್ತಾನೆ. ಕೊನೆಗೆ ಇವರ ಕಾರು ಚೂರುಚೂರು, ಆತನ ಮನೆ ಬಯಲು. ಪೊಲೀಸ್ ಕೂಡ ಕಾರಲ್ಲೇ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಇರುತ್ತಾನೆ. ಯಾರಾದರೂ ಒಬ್ಬರು ಅಡ್ಡ ಹೋಗಿದ್ದರೆ ಅದು ಬರೀ ಜಗಳ, ನಗು ಬರುತ್ತಿರಲಿಲ್ಲ. ಚಿತ್ರತಂಡ ತಪ್ಪು ಮನೆ ಕೆಡವಿತು ಎಂದು ಸ್ಟುಡಿಯೊ ಮಾಲೀಕ ರೋಚ್ ಹೇಳಿಕೊಂಡು ಬಂದ ಕತೆಯೊಂದಿದೆ. ಹಾಸ್ಯಚಿತ್ರ ಮಾರುವವರು ಹೇಳಿದ ಕತೆಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ 8ರಿಂದ 12 ವರ್ಷದ ಸುಮಾರು 80 ಮಕ್ಕಳಿಗೆ ತೋರಿಸಬೇಕು. ಪ್ರೊಜೆಕ್ಟರ್ ಇದೆ. ಯಾವ ಚಿತ್ರ, ಯಾವ ಕ್ರಮ? (ದಾವಣಗೆರೆ)

ಪೂರ್ಣಾವಧಿ ಚಿತ್ರ ಬೇಡ. ಮೂರು ಕಿರುಚಿತ್ರ ಸಾಕು. ಮೊದಲು ‘ಬಿಸಿ ಬಾಡೀಸ್’ (1933, 19 ನಿಮಿಷ). ಮರ ಕೊಯ್ಯುವ ಮಿಲ್ಲಿನಲ್ಲಿ ನಡೆಯುತ್ತದೆ, ಮಾತು ಬಹಳ ಕಡಿಮೆ, ಇಂಗ್ಲಿಷ್ ಬರದ ಮಗುವಿಗೂ ಪೂರ್ತಿ ಅರ್ಥವಾಗುತ್ತದೆ. ಎರಡನೆಯದು ಮೂಕಿ ‘ಬಿಗ್ ಬಿಸಿನೆಸ್’ (19 ನಿಮಿಷ). ಹತ್ತು ನಿಮಿಷ ಬಿಡುವು ಕೊಟ್ಟು ‘ದಿ ಮ್ಯೂಸಿಕ್ ಬಾಕ್ಸ್’ (1932, 29 ನಿಮಿಷ). ದೊಡ್ಡದನ್ನು ಮೊದಲೇ ಹಾಕಿದರೆ ಉಳಿದೆರಡು ಸಪ್ಪೆ ಎನಿಸುತ್ತವೆ.

ಮೂಕಿಯಲ್ಲಿ ದೃಶ್ಯಗಳ ನಡುವೆ ಬರುವ ಅಕ್ಷರಫಲಕಗಳನ್ನು ಒಬ್ಬರೇ ಕನ್ನಡದಲ್ಲಿ ಓದಲಿ. ಮೊದಲೇ ಬರೆದಿಟ್ಟುಕೊಳ್ಳಿ, ಒಂದು ಫಲಕಕ್ಕೆ ಆರೇಳು ಪದ ಮೀರದಂತೆ. ಫಲಕ ಹೋದ ಮೇಲೂ ಓದುತ್ತಿದ್ದರೆ ಮುಂದಿನ ಹಾಸ್ಯ ಮುಳುಗಿತು. ಓದುವುದು ಮುಗಿಯಲಿಲ್ಲ ಎಂದು ಚಿತ್ರ ನಿಲ್ಲಿಸುವುದಂತೂ ಬೇಡವೇ ಬೇಡ.

ಹೆಚ್ಚಿನ ಕಡೆ ಹಾಳಾಗುವುದು ಪರದೆಯ ಅಳತೆಯಿಂದ. ಈ ಚಿತ್ರಗಳು 4:3 ಚೌಕಟ್ಟಿನವು. ಪ್ರೊಜೆಕ್ಟರ್ 16:9ಕ್ಕೆ ಎಳೆದು ತುಂಬಿಸಿದರೆ ಅಗಲ ಮೂರನೇ ಒಂದು ಪಾಲು ಹೆಚ್ಚುತ್ತದೆ, ಆಗ ಲಾರೆಲ್ ಕೂಡ ದಪ್ಪ! ಜೋಡಿಯ ಅರ್ಥವೇ ಹೋಯಿತು. ‘ಜೂಮ್’ ಮಾಡಿದರೆ ಮೇಲೆ ಕೆಳಗೆ ಸೇರಿ ಎತ್ತರದಲ್ಲಿ ಕಾಲುಭಾಗ ಕತ್ತರಿಸಿಹೋಗುತ್ತದೆ. ಮೇಲೆ ಟೋಪಿ, ಕೆಳಗೆ ಕಾಲು, ಅರ್ಧ ಹಾಸ್ಯ ಇರುವುದು ಅಲ್ಲೇ. ಎಡಬಲಕ್ಕೆ ಕಪ್ಪು ಪಟ್ಟಿ ಇರಲಿ ಬಿಡಿ. ಟಿವಿಯಲ್ಲಿ ತೋರಿಸುವುದಾದರೆ ಚಲನೆ ನಯಗೊಳಿಸುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ.

ಧ್ವನಿ ಮೊನೊ. ಒಂದು ಸ್ಪೀಕರನ್ನು ಪರದೆಯ ಕೆಳಗೆ ನಡುವೆ ಇಡಿ, ಬೇಸ್ ಇಳಿಸಿ. ಮಕ್ಕಳನ್ನು ಬೆಂಚಿನ ಮೇಲೆ ದೂರ ದೂರ ಕೂರಿಸಬೇಡಿ, ಜಮಖಾನದ ಮೇಲೆ ಒತ್ತೊತ್ತಾಗಿ ಕೂರಿಸಿ. ನಗು ಹತ್ತಿರದವರಿಂದ ಹತ್ತಿರದವರಿಗೆ ಹಬ್ಬುವಂಥದ್ದು.

ಒಂದು ಎಚ್ಚರಿಕೆ: 1931ರ ‘ಪಾರ್ಡನ್ ಅಸ್’ ಚಿತ್ರದಲ್ಲಿ ಇಬ್ಬರೂ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರ ವೇಷ ಹಾಕುವ ದೃಶ್ಯವಿದೆ. ಮಕ್ಕಳಿಗೆ ವಿವರಣೆ ಇಲ್ಲದೆ ಹಾಕಬೇಡಿ. 1951ರ ಕೊನೆಯ ಚಿತ್ರ ‘ಅಟಾಲ್ ಕೆ’ ಸಹ ಬೇಡ. ಅದರಲ್ಲಿ ಲಾರೆಲ್ ಕಾಯಿಲೆಯಿಂದ ಸೊರಗಿರುವುದು ಕಣ್ಣಿಗೆ ಕಾಣುತ್ತದೆ, ನಗಲು ಮನಸ್ಸಾಗುವುದಿಲ್ಲ.

ಪ್ರಶ್ನೆ: ಮೂಕಿ ಚಿತ್ರಗಳಲ್ಲಿ ಎಲ್ಲರೂ ಇರುವೆಗಳಂತೆ ಓಡಾಡುತ್ತಾರೆ. ಆಗ ಹಾಗೇ ಇತ್ತೇ? (ಧಾರವಾಡ)

ಇಲ್ಲ. ಮಾತು ಬಂದ ಮೇಲೆ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಎಂದು ಗಟ್ಟಿಯಾಯಿತು. ಅದಕ್ಕೆ ಮೊದಲು ಕ್ಯಾಮೆರಾ ವೇಗ ಚಿತ್ರದಿಂದ ಚಿತ್ರಕ್ಕೆ ಬೇರೆ. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಮೂರನೇ ಒಂದು ಪಾಲು ವೇಗ ಏರಿತು. 35 ಮಿ.ಮೀ. ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟು. 1000 ಅಡಿಯ ತುಂಬು ರೀಲು 24ರ ವೇಗದಲ್ಲಿ 11 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ, 20ರಲ್ಲಾದರೆ 13 ನಿಮಿಷ 20 ಸೆಕೆಂಡ್. ಒಂದೇ ಚಿತ್ರಕ್ಕೆ ಎರಡು ಕಡೆ ಎರಡು ಅವಧಿ ಬರೆದಿರುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಸುಲಭ. ಹಿಂಬದಿಯಲ್ಲಿ ಸುಮ್ಮನೆ ನಡೆದುಹೋಗುವ ದಾರಿಹೋಕನನ್ನು ಹಿಡಿಯಿರಿ. ಆರಾಮ ನಡಿಗೆ ಸೆಕೆಂಡಿಗೆ ಎರಡು ಹೆಜ್ಜೆಯೊಳಗೆ ಇರುತ್ತದೆ. ಹತ್ತು ಸೆಕೆಂಡಿನಲ್ಲಿ 25 ದಾಟಿದರೆ ವೇಗ ಹೆಚ್ಚಾಗಿದೆ. ಧ್ವನಿ ಮುಚ್ಚಿ, ಪ್ಲೇಯರಿನಲ್ಲಿ 0.75 ಹಾಕಿ ನೋಡಿ, 24 ಇದ್ದದ್ದು 18ಕ್ಕೆ ಇಳಿಯುತ್ತದೆ. ನಟರು ನೀರಲ್ಲಿ ನಡೆದಂತೆ ಕಂಡರೆ ಅದು ಅತಿಯಾಯಿತು, 0.9 ಸಾಕು. ಇನ್ನೊಂದು ಮಾತು, ಬೆನ್ನಟ್ಟುವ ದೃಶ್ಯಗಳನ್ನು ಬೇಕೆಂದೇ ಕಡಿಮೆ ಚೌಕಟ್ಟಿನಲ್ಲಿ ತೆಗೆಯುವ ರೂಢಿ ಇತ್ತು. ಅಂಥ ಕಡೆ ಓಡುವುದು ಸರಿಯೇ. ಹಾರ್ಡಿ ನಮ್ಮ ಕಡೆ ನೋಡುವ ನೋಟ ಗಡಿಬಿಡಿಯಾಗಿ ಕಂಡರೆ ಮಾತ್ರ ನಿಮ್ಮ ಪ್ರತಿ ತಪ್ಪು.

ಪ್ರಶ್ನೆ: ನಾವು ಲಾಸ್ ಏಂಜಲೀಸ್ ಕಡೆ ಇರುವ ಕನ್ನಡಿಗರು. ‘ದಿ ಮ್ಯೂಸಿಕ್ ಬಾಕ್ಸ್’ನಲ್ಲಿ ಇಬ್ಬರೂ ಪಿಯಾನೊ ಹೊತ್ತು ಹತ್ತುವ ಮೆಟ್ಟಿಲು ಈಗಲೂ ಇದೆಯೇ?

ಇದೆ. ಸಿಲ್ವರ್ ಲೇಕ್ ಬಡಾವಣೆಯ ವೆಂಡೋಮ್ ಸ್ಟ್ರೀಟ್‌ನಲ್ಲಿ, 133 ಮೆಟ್ಟಿಲು. ಚಿತ್ರದಲ್ಲಿ ಹೇಳುವ ವಿಳಾಸ ‘1127, ವಾಲ್ನಟ್ ಅವೆನ್ಯೂ’, ಅದನ್ನು ಹುಡುಕಿ ಹೋಗಬೇಡಿ. ಮೇಲೆ ಹತ್ತಿದರೆ ಆ ಮನೆಯೂ ಸಿಗುವುದಿಲ್ಲ, ಅದು ಸ್ಟುಡಿಯೊದಲ್ಲಿ ಕಟ್ಟಿದ ಸೆಟ್. ಕಲ್ವರ್ ಸಿಟಿಯಲ್ಲಿದ್ದ ಆ ಸ್ಟುಡಿಯೊವನ್ನೂ 1963ರಲ್ಲಿ ಕೆಡವಿದರು. ಸುತ್ತ ಜನವಸತಿ, ಬೆಳಿಗ್ಗೆ ಹೋಗಿ, ಸದ್ದು ಮಾಡಬೇಡಿ.

ನೋಡದವರಿಗೆ: ಒಬ್ಬ ಹೆಂಗಸು ಗಂಡನ ಹುಟ್ಟುಹಬ್ಬಕ್ಕೆ ಪಿಯಾನೊ ಕೊಂಡಿದ್ದಾಳೆ, ಇವರಿಬ್ಬರೂ ಅದನ್ನು ಪೆಟ್ಟಿಗೆಯಲ್ಲಿ ಮೇಲೆ ಸಾಗಿಸಬೇಕು. ಮಗುವಿನ ಗಾಡಿ ತಳ್ಳಿಕೊಂಡು ಬಂದ ದಾದಿ, ಪೊಲೀಸ್, ದಾರಿ ಬಿಡಿ ಎನ್ನುವ ಪ್ರೊಫೆಸರ್, ಪ್ರತಿಯೊಬ್ಬರಿಗೂ ಒಂದೊಂದು ಜಗಳ. ಪೆಟ್ಟಿಗೆ ಟಿಣಿಟಿಣಿ ಎನ್ನುತ್ತಾ ಮತ್ತೆ ಮತ್ತೆ ಬೀದಿಗೆ. ಕೊನೆಗೆ ಮೇಲೆ ತಲುಪಿದಾಗ ಅಂಚೆಯವನು ಕೇಳುತ್ತಾನೆ, ಇಷ್ಟು ಕಷ್ಟ ಯಾಕೆ, ಬಳಸಿಕೊಂಡು ಬರಲು ರಸ್ತೆ ಇದೆಯಲ್ಲ. ಇಬ್ಬರೂ ತಲೆದೂಗಿ, ಪಿಯಾನೊವನ್ನು ಮತ್ತೆ 133 ಮೆಟ್ಟಿಲು ಇಳಿಸಿ, ಗಾಡಿಗೆ ಹೇರಿ, ರಸ್ತೆಯಲ್ಲಿ ಮೇಲೆ ತರುತ್ತಾರೆ! ಕಿರುಹಾಸ್ಯ ವಿಭಾಗದಲ್ಲಿ ಆಸ್ಕರ್ ಬಂದದ್ದು ಇದಕ್ಕೆ. ಇದೇ ಮೆಟ್ಟಿಲಲ್ಲಿ 1927ರಲ್ಲಿ ವಾಷಿಂಗ್ ಮಶಿನ್ ಹೊತ್ತ ‘ಹ್ಯಾಟ್ಸ್ ಆಫ್’ ಎಂಬ ಮೂಕಿಯೂ ಇತ್ತು. ಅದರ ಒಂದು ಪ್ರತಿಯೂ ಉಳಿದಿಲ್ಲ.

ಪ್ರಶ್ನೆ: ಹವ್ಯಾಸಿ ತಂಡ ನಮ್ಮದು. ಇವರ ಶೈಲಿಯಲ್ಲಿ ಕನ್ನಡದಲ್ಲಿ ಒಂದು ಪ್ರಹಸನ ಮಾಡಬೇಕೆಂದಿದ್ದೇವೆ. ಮಾತು ಹೇಗಿರಬೇಕು? (ಮೈಸೂರು)

ಹಾರ್ಡಿ ಬಾಯಲ್ಲಿ ಬೈಗುಳ ಹಾಕಬೇಡಿ. ಅಮೆರಿಕದ ದಕ್ಷಿಣದ ಜಂಟಲ್‌ಮನ್ ಠೀವಿ ಅವರದು. ಹೊರಗಿನವರೊಡನೆ ಅತಿವಿನಯ: ‘ತಮಗೆ ತೊಂದರೆಯಾಗದಿದ್ದರೆ, ತಾವು ಆ ಏಣಿಯನ್ನು ನನ್ನ ಕಾಲಿನಿಂದ ತೆಗೆಯಬಹುದೇ?’ ಲಾರೆಲ್ ಕಡೆ ತಿರುಗಿದಾಗ ಮಾತ್ರ ಏಕವಚನ. ಈ ಬಹುವಚನ–ಏಕವಚನದ ಜಿಗಿತ ಇಂಗ್ಲಿಷಿಗೆ ಇಲ್ಲದ ಸೌಕರ್ಯ, ಬಿಡಬೇಡಿ.

ಲಾರೆಲ್ ಮಾತಿಗೆ ಒಂದು ಪಕ್ಕಾ ಸೂತ್ರವಿದೆ. ‘ಟೋಡ್ ಇನ್ ಎ ಹೋಲ್’ (1932) ಚಿತ್ರದಲ್ಲಿ ಇಬ್ಬರೂ ಮೀನು ಮಾರುವವರು. ಲಾರೆಲ್ ಒಂದು ಬುದ್ಧಿವಂತ ಯೋಚನೆ ಹೇಳುತ್ತಾರೆ, ಹಾರ್ಡಿ ‘ಇನ್ನೊಂದ್ಸಲ ಹೇಳು’ ಎನ್ನುತ್ತಾರೆ, ಎರಡನೆಯ ಸಲ ಅದು ಕಲಸುಮೇಲೋಗರ. ಕನ್ನಡದಲ್ಲಿ ಹೀಗೆ ಕಟ್ಟಬಹುದು. ಮೊದಲ ಸಲ: ‘ಮೀನು ನಾವೇ ಹಿಡಿದ್ರೆ ಮೀನಿಗೆ ದುಡ್ಡು ಕೊಡಬೇಕಾಗಿಲ್ಲ, ಮಾರಿದ್ದೆಲ್ಲ ನಮಗೆ ಲಾಭ.’ ಎರಡನೆಯ ಸಲ: ‘ದುಡ್ಡೇ ಮೀನನ್ನ ಹಿಡಿದ್ರೆ ನಮಗೆ ಮೀನು ಕೊಡಬೇಕಾಗಿಲ್ಲ, ಲಾಭ ನಮ್ಮನ್ನೆಲ್ಲ ಮಾರತ್ತೆ.’ ಪದಗಳು ಅವೇ, ಲಯವೂ ಅದೇ, ವಿಭಕ್ತಿ ಪ್ರತ್ಯಯಗಳು ಮಾತ್ರ ಜಾಗ ಬದಲಿಸಿವೆ. ಹೊಸ ಪದ ಒಂದೇ ಒಂದು ಸೇರಿಸಿದರೂ ಅದು ಬರೀ ಹುಚ್ಚುಮಾತಾಗುತ್ತದೆ. ಹೇಳುವ ನಟ ಎರಡನೆಯದನ್ನು ಮೊದಲಿನಷ್ಟೇ ವಿಶ್ವಾಸದಿಂದ ಹೇಳಬೇಕು. ಕೇಳಿದವನು ಒಂದು ಕ್ಷಣ ಯೋಚಿಸಿ ‘ಒಳ್ಳೇ ಐಡಿಯಾ!’ ಎನ್ನಬೇಕು.

ಕನ್ನಡ ಹಾಸ್ಯನಟರ ಅಭ್ಯಾಸ ಮಾತಿನ ಚುರುಕು. ನರಸಿಂಹರಾಜು–ಬಾಲಕೃಷ್ಣ ದೃಶ್ಯಗಳಲ್ಲಿ ಒಂದು ಮಾತಿನ ಬಾಲ ಹಿಡಿದು ಇನ್ನೊಂದು ಬರುತ್ತದೆ. ಅದೇ ಓಟವನ್ನು ಇಲ್ಲಿಗೆ ತಂದರೆ ಕೆಟ್ಟಿತು. ತಾಲೀಮಿನಲ್ಲಿ ಪ್ರತಿ ಪೆಟ್ಟಿನ ನಂತರ ಮನಸ್ಸಿನಲ್ಲೇ ಒಂದರಿಂದ ನಾಲ್ಕು ಎಣಿಸಿ ಮಾತಾಡುವ ನಿಯಮ ಇಟ್ಟುಕೊಳ್ಳಿ.

ಪ್ರಶ್ನೆ: ಮಕ್ಕಳ ಛದ್ಮವೇಷಕ್ಕೆ ಏನೇನು ಬೇಕು? ಮತ್ತೆ ಆ ಮಂಡಿ–ಕಿವಿ–ಮೂಗಿನ ಆಟ ಹೇಗೆ? (ಮಂಡ್ಯ, ಬೆಳಗಾವಿ)

ಇಬ್ಬರಿಗೂ ಗುಂಡು ಟೋಪಿ. ಲಾರೆಲ್‌ದರ ಅಂಚು ಚಪ್ಪಟೆ, ಹಾರ್ಡಿಯದು ಸುರುಳಿ. ಲಾರೆಲ್‌ಗೆ ಬೋ ಟೈ, ಸಡಿಲ ಕೋಟು; ಹಾರ್ಡಿಗೆ ಉದ್ದ ಟೈ, ಗುಂಡಿ ಹಾಕಿದರೆ ಬಿಗಿಯುವ ಕೋಟು. ಉದ್ದ ಟೈ ಇಲ್ಲದೆ ಹಾರ್ಡಿ ಇಲ್ಲ, ನಾಚಿಕೆಯಾದಾಗ ಅದರ ತುದಿಯನ್ನು ಬೆರಳಲ್ಲಿ ಪಟಪಟ ಆಡಿಸಬೇಕು. ಮೀಸೆ ಮೂಗಿನ ಅಗಲ ಮೀರಬಾರದು. ಕಾಡಿಗೆಯನ್ನು ಬೆರಳಲ್ಲಿ ಬಳಿದರೆ ಬೆವರಿಗೆ ಇಳಿದು ರಾವಣನಾಗುತ್ತಾನೆ, ಪೆನ್ಸಿಲ್ ಬಳಸಿ ಮೇಲೆ ಪೌಡರ್ ಒತ್ತಿ. ಲಾರೆಲ್ ಹಿಮ್ಮಡಿ ಕಿತ್ತ ಷೂ ಹಾಕುತ್ತಿದ್ದರು, ಆ ಚಪ್ಪಟೆ ನಡಿಗೆ ಬಂದದ್ದು ಅದರಿಂದ. ನೀವು ಷೂ ಹಾಳು ಮಾಡಬೇಡಿ, ಅಟ್ಟೆ ಚಪ್ಪಟೆಯಾದ ಕ್ಯಾನ್ವಾಸ್ ಷೂ ಸಾಕು. ಹೊಟ್ಟೆಗೆ ದಿಂಬು ಕಟ್ಟುವಾಗ ಸೊಂಟಕ್ಕಷ್ಟೇ ಕಟ್ಟಿದರೆ ಜಾರುತ್ತದೆ, ಭುಜದ ಮೇಲಿಂದ ಎರಡು ಪಟ್ಟಿ ಕೊಡಿ. ದಪ್ಪ ಎಂದು ಮಗು ಧಡಧಡ ನಡೆಯಬಾರದು. ಆರಡಿ ಒಂದಂಗುಲದ ಹಾರ್ಡಿ ಕಿರುಬೆರಳು ಚಾಚಿ, ಪಾದ ಊರುವುದೇ ನೆಲಕ್ಕೆ ಗೊತ್ತಾಗದಂತೆ ಓಡಾಡುತ್ತಿದ್ದವರು.

ಆಟ ಬರುವುದು 1933ರ ‘ದಿ ಡೆವಿಲ್ಸ್ ಬ್ರದರ್’ ಚಿತ್ರದಲ್ಲಿ. ಎರಡೂ ಅಂಗೈಯಿಂದ ಮಂಡಿ ತಟ್ಟಿ. ತಕ್ಷಣ ಎಡಗೈಯಲ್ಲಿ ಮೂಗು, ಬಲಗೈಯಲ್ಲಿ ಎಡಗಿವಿ ಹಿಡಿಯಿರಿ. ಮತ್ತೆ ಮಂಡಿ. ಈಗ ಬಲಗೈಯಲ್ಲಿ ಮೂಗು, ಎಡಗೈಯಲ್ಲಿ ಬಲಗಿವಿ. ತಪ್ಪುವುದು ಎರಡನೆಯ ಸುತ್ತಿನಲ್ಲಿ, ಎರಡೂ ಕೈ ಮೂಗಿಗೇ ಬರುತ್ತವೆ. ಮೂಗನ್ನು ಮರೆತು ಕಿವಿಗೆ ಹೋಗುವ ಕೈಯನ್ನೇ ಮನಸ್ಸಿನಲ್ಲಿ ಹಿಂಬಾಲಿಸಿ. ಗಣಪನ ಮುಂದೆ ಕೈ ಕತ್ತರಿ ಹಾಕಿ ಕಿವಿ ಹಿಡಿದು ಅಭ್ಯಾಸವಿರುವ ಮಕ್ಕಳಿಗೆ ಅರ್ಧ ಬಂದಂತೆಯೇ. ಲಾರೆಲ್ ಇದನ್ನು ನೀರು ಕುಡಿದಷ್ಟು ಸಲೀಸಾಗಿ ಮಾಡುತ್ತಾರೆ, ಉಳಿದವರು ಒದ್ದಾಡುತ್ತಾರೆ. ವೇದಿಕೆಯ ಮೇಲೂ ಒಬ್ಬನಿಗೆ ಬರಬೇಕು, ಇನ್ನೊಬ್ಬನಿಗೆ ಬರಬಾರದು.

ಪ್ರಶ್ನೆ: ಬಣ್ಣದ ಪ್ರತಿ ಒಳ್ಳೆಯದೋ, ಕಪ್ಪುಬಿಳುಪೋ? ಯಾವುದನ್ನು ಕೊಳ್ಳಬೇಕು? (ಬೆಂಗಳೂರು)

ಕಪ್ಪುಬಿಳುಪು. ಬಣ್ಣ ಹಚ್ಚಿದ್ದು 1980ರ ದಶಕದ ಕಂಪ್ಯೂಟರ್ ಕೆಲಸ. ಲಾರೆಲ್ ಮುಖಕ್ಕೆ ಬಿಳಿಚು ಮೇಕಪ್ ಹಾಕುತ್ತಿದ್ದದ್ದು ಮುಖ ಖಾಲಿ ಕಾಗದದಂತೆ ಕಾಣಲೆಂದು. ಅದರ ಮೇಲೆ ಗುಲಾಬಿ ಬಳಿದರೆ ಆ ಶೂನ್ಯವೇ ಹೋಗುತ್ತದೆ.

ಕೊಳ್ಳುವ ಮೊದಲು ಅವಧಿ ನೋಡಿ. ‘ಮ್ಯೂಸಿಕ್ ಬಾಕ್ಸ್’ 20–22 ನಿಮಿಷಕ್ಕೆ ಮುಗಿದರೆ ಯಾರೋ ಕತ್ತರಿ ಹಾಕಿದ್ದಾರೆ. 28 ಇದ್ದರೆ ಗಾಬರಿ ಬೇಡ, ಯುರೋಪಿನ ಡಿವಿಡಿ ಸೆಕೆಂಡಿಗೆ 25 ಚೌಕಟ್ಟು ಓಡುವುದರಿಂದ 4% ಬೇಗ ಮುಗಿಯುತ್ತದೆ, ಧ್ವನಿಯೂ ಚೂರು ಕೀರಲು. 1927ರ ನಡುವಿನಿಂದ 1938ರವರೆಗೆ ರೋಚ್ ಚಿತ್ರಗಳನ್ನು ಹಂಚುತ್ತಿದ್ದದ್ದು ಎಂಜಿಎಂ ಕಂಪನಿ, ಆರಂಭದಲ್ಲಿ ಅದರ ಲಾಂಛನದ ಸಿಂಹ ಕಂಡರೆ ಮೂಲ ಶೀರ್ಷಿಕೆ ಉಳಿದಿದೆ ಎಂದರ್ಥ. ಮರುಬಿಡುಗಡೆ ಮಾಡಿದವರು ಎಷ್ಟೋ ಕಡೆ ಅದನ್ನು ಕಿತ್ತು ತಮ್ಮದನ್ನು ಅಂಟಿಸಿದ್ದಾರೆ. 2020ರಲ್ಲಿ ಅಮೆರಿಕದಲ್ಲಿ ‘ದಿ ಡೆಫಿನಿಟಿವ್ ರೆಸ್ಟೊರೇಷನ್ಸ್’ ಎಂಬ ಬ್ಲೂರೇ ಕಟ್ಟು ಬಂತು, ಸದ್ಯಕ್ಕೆ ಅದನ್ನೇ ಕೊಳ್ಳಿ. ಪೈ ಎಂಬ ಕಡುಬನ್ನು ಒಬ್ಬರ ಮೇಲೊಬ್ಬರು ಎಸೆಯುವ ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’ (1927) ಕೂಡ ಅದರಲ್ಲಿದೆ. ಆ ಚಿತ್ರದ ಎರಡನೆಯ ರೀಲು ದಶಕಗಟ್ಟಲೆ ಸಿಕ್ಕಿರಲಿಲ್ಲ, ತುಂಡುತುಂಡಾಗಿ ಮಾತ್ರ ಉಳಿದಿತ್ತು. 2015ರಲ್ಲಿ ಒಬ್ಬ ಸಂಗ್ರಾಹಕರ ಬಳಿ ಬಂದ ಡಬ್ಬಿಗಳಲ್ಲಿ ಪತ್ತೆಯಾಯಿತು. ಕೆನೆ ತುಂಬಿದ 3000 ಪೈ ಎಸೆದರೆಂದು ಪ್ರಚಾರ. ಎಣಿಸುವುದಕ್ಕಿಂತ ಒಂದೊಂದು ಪೈ ಯಾರಿಗೆ ಗುರಿಯಿಟ್ಟು ಯಾರಿಗೆ ಬೀಳುತ್ತದೆ ಎಂದು ಗಮನಿಸಿ. ಎಸೆದವನಿಗೆ ಕಾರಣವಿದೆ, ಏಟು ತಿಂದವನು ಪಾಪದವನು, ಆದ್ದರಿಂದ ಅವನಿಗೂ ಎಸೆಯಲು ಕಾರಣ ಸಿಕ್ಕಿತು. ಬೀದಿ ಪೂರ್ತಿ ಹಾಗೇ ತುಂಬುತ್ತದೆ.

ಪ್ರಶ್ನೆ: ಅಭಿಮಾನಿ ಸಂಘ ಇದೆಯಂತೆ. ನಮ್ಮೂರಲ್ಲೂ ಮಾಡಬಹುದೇ? (ಶಿರಸಿ)

‘ಸನ್ಸ್ ಆಫ್ ದಿ ಡೆಸರ್ಟ್’ ಎಂದು ಹೆಸರು, ಇದೇ ಹೆಸರಿನ 1933ರ ಚಿತ್ರದಿಂದ ಬಂದದ್ದು. ಲಾರೆಲ್ ಜೀವನಚರಿತ್ರೆ ಬರೆದ ಜಾನ್ ಮೆಕೇಬ್ ಮತ್ತು ಗೆಳೆಯರು 1965ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದರು. ಆ ಫೆಬ್ರವರಿಯಲ್ಲಿ ತೀರಿಕೊಂಡ ಲಾರೆಲ್ ಅದಕ್ಕೆ ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಶಾಖೆಗೆ ‘ಟೆಂಟ್’ ಎನ್ನುತ್ತಾರೆ, ಪ್ರತಿ ಟೆಂಟಿಗೂ ಜೋಡಿಯ ಒಂದು ಚಿತ್ರದ ಹೆಸರು. ಅಧ್ಯಕ್ಷನಿಗೆ ‘ಗ್ರ್ಯಾಂಡ್ ಶೇಖ್’ ಎಂಬ ಬಿರುದು, ತಲೆಗೆ ಕೆಂಪು ಫೆಜ್ ಟೋಪಿ. ಲಾಂಛನದ ಲ್ಯಾಟಿನ್ ಘೋಷವಾಕ್ಯದ ಅರ್ಥ, ಏನೂ ಬರೆಯದ ಎರಡು ಖಾಲಿ ಹಲಗೆಗಳು.

ಹೆಸರು, ಟೋಪಿ ಆಮೇಲೆ ನೋಡಿಕೊಳ್ಳಿ. ಮೊದಲು ತಿಂಗಳಿಗೊಂದು ಸಂಜೆ, ಹನ್ನೆರಡು ಜನ, ಎರಡು ಕಿರುಚಿತ್ರ. ಒಂದು ಎಲ್ಲರಿಗೂ ಗೊತ್ತಿರುವುದು, ಇನ್ನೊಂದು ಯಾರೂ ನೋಡದ್ದು. ಅಡಿಕೆ ಕೊಯ್ಲಿನ ತಿಂಗಳು ಬಿಟ್ಟುಬಿಡಿ, ನಿಮ್ಮ ಕಡೆ ಆಗ ಹನ್ನೆರಡು ಜನ ಸೇರುವುದಿಲ್ಲ.